ಒಂದೇ ಪಕ್ಷದ ಎರಡು ರುಜು

1953ರ ಜುಲೈ ತಿಂಗಳ ಕೊರಿಯಾ ಕದನವಿರಾಮ ಒಪ್ಪಂದಕ್ಕೆ ಒಂದು ಪಕ್ಷದ ಪರವಾಗಿ ವಿಶ್ವಸಂಸ್ಥೆಯ ಪಡೆಗಳ ಸೇನಾಪತಿ ಮಾರ್ಕ್ ಕ್ಲಾರ್ಕ್ ರುಜು ಮಾಡಿದರು. ಎದುರು ಪಕ್ಷದಿಂದ ರುಜು ಮಾಡಿದವರು ಇಬ್ಬರು: ಉತ್ತರ ಕೊರಿಯಾದ ಕಿಮ್ ಇಲ್ ಸುಂಗ್ ಮತ್ತು ಚೀನೀ ಸ್ವಯಂಸೇವಕ ಸೇನೆಯ ಪೆಂಗ್ ತೆಹುವಾಯ್. ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಆ ಶಿಬಿರಗಳಲ್ಲಿ ಚೀನೀಯರೂ ಇದ್ದರು, ಕೊರಿಯನ್ನರೂ ಇದ್ದರು. ನುಡಿ ಬೇರೆ, ನಾಡು ಬೇರೆಯಾದ ಇವರು ಒಂದೇ ಪಕ್ಷದಲ್ಲಿ ನಿಂತು ಕಾದಿದ್ದೇಕೆ? ಕಾರಣ ತಿಳಿಯಲು 20 ವರ್ಷ ಹಿಂದಕ್ಕೆ ಹೋಗಬೇಕು.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ನೆಲ ಕಳೆದುಕೊಂಡ ರೈತರು, ತಲೆಮರೆಸಿಕೊಂಡ ಹೋರಾಟಗಾರರು ಗಡಿನದಿ ದಾಟಿ ಮಂಚೂರಿಯಾ ಸೇರಿದರು. ಒಂದು ದೇಶಕ್ಕೆ ಒಂದೇ ಕಮ್ಯುನಿಸ್ಟ್ ಪಕ್ಷ ಎಂಬುದು ಮಾಸ್ಕೋದ ಕಾಮಿಂಟರ್ನ್ ವಿಧಿಸಿದ್ದ ನಿಯಮ. ಹಾಗಾಗಿ 1930ರ ಸುಮಾರಿಗೆ ಅಲ್ಲಿನ ಕೊರಿಯನ್ ಕಮ್ಯುನಿಸ್ಟರು ಚೀನೀ ಪಕ್ಷವನ್ನೇ ಸೇರಿದರು. 1931ರಲ್ಲಿ ಜಪಾನ್ ಮಂಚೂರಿಯಾಕ್ಕೂ ಕೈಹಾಕಿದಾಗ ಇಬ್ಬರೂ ಒಟ್ಟಾಗಿ ಬಂದೂಕು ಹಿಡಿದರು. 1936ರಲ್ಲಿ ರೂಪುಗೊಂಡ ಜಪಾನ್ ವಿರೋಧಿ ಸಂಯುಕ್ತ ಸೇನೆಯಲ್ಲಿ ಕಿಮ್ ಒಂದು ತುಕಡಿಯ ನಾಯಕ.

ಈ ಸ್ನೇಹವೇನೂ ಸಲೀಸಾಗಿರಲಿಲ್ಲ. ಜಪಾನಿನ ಗೂಢಚಾರರೆಂಬ ಗುಮಾನಿಯ ಮೇಲೆ 1932ರಿಂದ ಮೂರ್ನಾಲ್ಕು ವರ್ಷಗಳಲ್ಲಿ ನೂರಾರು ಕೊರಿಯನ್ನರನ್ನು ಅವರ ಪಕ್ಷದವರೇ ಕೊಂದರು. ಆದರೂ ಉಳಿದವರಲ್ಲಿ ಅನೇಕರು ದಂಡು ಬಿಟ್ಟು ಹೋಗಲಿಲ್ಲ. ಅವರಿಗೆ ಮರಳಲು ಊರೇ ಇರಲಿಲ್ಲ.

ಮಂಚೂರಿಯಾದಿಂದ ದೂರ, ಚೀನಾದ ಒಳನಾಡಿನಲ್ಲಿ ಇನ್ನೊಂದು ಗುಂಪಿತ್ತು. ಮೂ ಚಾಂಗ್ ಎಂಬ ಕೊರಿಯನ್ ಫಿರಂಗಿ ನಿಪುಣ ಮಾವೋ ಜೊತೆ ಮಹಾಪಯಣದಲ್ಲಿ ನಡೆದವನು. 1938ರ ಅಕ್ಟೋಬರಿನಲ್ಲಿ ಹಾಂಕೌ ನಗರದಲ್ಲಿ ಕೊರಿಯನ್ ಸ್ವಯಂಸೇವಕ ದಳ ಹುಟ್ಟಿತು. ಮುಂದೆ ಅದರ ಬಹುಪಾಲು ಯೋಧರು ತಾಯ್‌ಹಾಂಗ್ ಬೆಟ್ಟಸಾಲಿಗೆ ಬಂದು ಎಂಟನೆಯ ಮಾರ್ಗದ ಸೇನೆಯ ಜೊತೆಗೂಡಿದರು. ಆ ಸೇನೆಯ ಉಪಸೇನಾಪತಿ ಬೇರಾರೂ ಅಲ್ಲ, ಪೆಂಗ್ ತೆಹುವಾಯ್.

1945ರಲ್ಲಿ ಜಪಾನ್ ಸೋತ ಮೇಲೆ ಚೀನಾದ ಅಂತರ್ಯುದ್ಧದಲ್ಲಿ ಹತ್ತಾರು ಸಾವಿರ ಕೊರಿಯನ್ನರು ಮಾವೋ ಪರ ಹೋರಾಡಿದರು. 1949-50ರಲ್ಲಿ ಇಂಥ ಅನುಭವಿ ದಳಗಳು ಕಿಮ್ ಸೈನ್ಯ ಸೇರಿದವು. 1950ರ ಅಕ್ಟೋಬರಿನಲ್ಲಿ ಚೀನೀ ಪಡೆ ಯಾಲು ನದಿ ದಾಟಿದ್ದಕ್ಕೆ ತನ್ನ ಗಡಿಯ ಭಯವೇ ಮುಖ್ಯ ಕಾರಣ, ನಿಜ. ಆದರೆ ಅದರ ಹಿಂದೆ ಈ ಹಳೆಯ ರಕ್ತಋಣವೂ ಇತ್ತು.

ಋಣ ಬೆಳೆದಂತೆ ಸಂಶಯವೂ ಬೆಳೆಯಿತು. ಆ ವರ್ಷದ ಕೊನೆಯಲ್ಲೇ ಮೂ ಚಾಂಗ್ ಪದಚ್ಯುತನಾದ. 1956ರಲ್ಲಿ ಚೀನಾದಿಂದ ಮರಳಿದ್ದ ಬಣದವರು ಕಿಮ್ ಅವರನ್ನು ಟೀಕಿಸಿ ಸ್ಥಾನ ಕಳೆದುಕೊಂಡರು. ಅವರನ್ನು ಉಳಿಸಲು ಸೋವಿಯತ್ ನಾಯಕ ಮಿಕೋಯಾನ್ ಜೊತೆ ಪ್ಯಾಂಗ್ಯಾಂಗ್‌ಗೆ ಧಾವಿಸಿದವರು ಅದೇ ಪೆಂಗ್. ಕಿಮ್ ಆಗ ತಲೆಯಾಡಿಸಿದರು. ಸ್ವಲ್ಪ ಕಾಲದಲ್ಲೇ ಆ ಬಣವನ್ನು ಹೇಳಹೆಸರಿಲ್ಲದಂತೆ ಮಾಡಿದರು.

ತಳಕು, ಚಳ್ಳಕೆರೆ ಸೀಮೆಯವರಿಗೆ ಇಂಥ ಕಥೆ ತೀರಾ ಹೊಸದೇನಲ್ಲ. ಹೈದರಾಲಿಯ ದಂಡಯಾತ್ರೆಗಳಿಗೆ ಹೆಗಲು ಕೊಟ್ಟ ಚಿತ್ರದುರ್ಗದ ನಾಯಕರ ಕೋಟೆಯನ್ನು 1779ರಲ್ಲಿ ಹೈದರನೇ ವಶಪಡಿಸಿಕೊಂಡ. ದುರ್ಗದ ಜನ ಮಾತ್ರ ಸ್ನೇಹ, ಹಗೆ ಎರಡನ್ನೂ ನೆನಪಿಟ್ಟು ಇಂದಿಗೂ ಹೇಳುತ್ತಾರೆ. ಉತ್ತರ ಕೊರಿಯಾದ ಅಧಿಕೃತ ಚರಿತ್ರೆಯಾದರೋ ಮಂಚೂರಿಯಾದ ಕಾಡಿನ ಹೋರಾಟವನ್ನು ಕಿಮ್ ಅವರ ಸ್ವಂತ ಸೇನೆಯ ಸಾಹಸವೆಂದು ಬರೆಯಿತು. ಜೊತೆಗೆ ಮಡಿದ ಚೀನೀ ಸಂಗಾತಿಗಳು, ಅನುಮಾನಕ್ಕೆ ಬಲಿಯಾದ ಕೊರಿಯನ್ನರು, ತಾಯ್‌ಹಾಂಗ್ ಬೆಟ್ಟದ ಸ್ವಯಂಸೇವಕರು ಎಲ್ಲರೂ ಅದರಲ್ಲಿ ಹಿನ್ನೆಲೆಗೆ ಸರಿದರು. ಒಪ್ಪಂದದ ಕಾಗದದಲ್ಲಿ ಮಾತ್ರ ಆ ಎರಡು ರುಜುಗಳು ಒಂದೇ ಪಕ್ಷದಲ್ಲಿ ಉಳಿದಿವೆ.