ವಿಚ್ಛೇದನ ಮಧ್ಯಸ್ಥಿಕೆ: ಹಣಕಾಸಿನ ಮಾಹಿತಿಯನ್ನು ಸಿದ್ಧಪಡಿಸಿಕೊಳ್ಳುವ ಕ್ರಮ

ಪೀಠಿಕೆ

ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ, 1984ರ 9ನೇ ಪ್ರಕರಣದ ಮೇರೆಗೆ, ದಂಪತಿಯ ನಡುವಿನ ವ್ಯಾಜ್ಯವನ್ನು ಸಾಧ್ಯವಿದ್ದಲ್ಲಿ ರಾಜಿಯಿಂದ ಇತ್ಯರ್ಥಪಡಿಸಲು ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವಾಗಿದೆ. ಇದಕ್ಕಾಗಿ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳುಹಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರಿಂದ ಕಾರ್ಯನಿರ್ವಹಿಸುತ್ತಿದ್ದು, ಜಿಲ್ಲೆಗಳಲ್ಲಿಯೂ ಈ ಸೌಲಭ್ಯವಿದೆ.

ಮಧ್ಯಸ್ಥಿಕೆಗಾರರು ನ್ಯಾಯಾಧೀಶರಂತೆ ತೀರ್ಪು ನೀಡುವುದಿಲ್ಲ. ಆಸ್ತಿಗೆ ಬೆಲೆ ಕಟ್ಟುವುದಿಲ್ಲ. ಪಕ್ಷಕಾರರು ತಾವೇ ಒಪ್ಪಂದಕ್ಕೆ ಬರಲು ಅವರು ನೆರವಾಗುತ್ತಾರೆ. ಆದುದರಿಂದ ಒಪ್ಪಂದವು ನ್ಯಾಯವಾಗಿರಬೇಕಾದರೆ ಅದಕ್ಕೆ ಆಧಾರವಾಗುವ ಲೆಕ್ಕವು ಪೂರ್ಣವಾಗಿಯೂ ಸತ್ಯವಾಗಿಯೂ ಇರಬೇಕು. ಸಹಿಯಾದ ರಾಜಿಯನ್ನು ಆನಂತರ ಬದಲಾಯಿಸುವುದು ಸುಲಭವಲ್ಲ.

ಕಾನೂನಿನ ಹಿನ್ನೆಲೆ

ಕರ್ನಾಟಕದಲ್ಲಿ ಅನ್ವಯವಾಗುವ ವಿವಾಹ ಕಾನೂನುಗಳಲ್ಲಿ ದಂಪತಿಯ ಆಸ್ತಿಯನ್ನು ತಾನಾಗಿಯೇ ಸಮಪಾಲು ಮಾಡುವ ನಿಯಮವಿಲ್ಲ. ಆಸ್ತಿಯು ಯಾರ ಹೆಸರಿನಲ್ಲಿದೆ, ಹಣ ಕೊಟ್ಟವರು ಯಾರು, ಕಂತು ಕಟ್ಟಿದವರು ಯಾರು ಎಂಬುದಕ್ಕೆ ದಾಖಲೆಯೇ ಆಧಾರ. ಬಾಯಿಮಾತಿನ ಹಕ್ಕು ಮಾತುಕತೆಯಲ್ಲಿ ನಿಲ್ಲುವುದು ಕಷ್ಟ.

ಜೀವನಾಂಶದ ಪ್ರಕರಣಗಳಲ್ಲಿ ಉಭಯ ಪಕ್ಷಕಾರರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020) ನಿರ್ದೇಶಿಸಿದೆ. ಕೃಷಿಯನ್ನು ಅವಲಂಬಿಸಿದವರಿಗೆ ಪ್ರತ್ಯೇಕ ನಮೂನೆಯಿದೆ. ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿಕೆ ನೀಡಿದವರ ವಿರುದ್ಧ ಕ್ರಮ ಜರುಗಿಸಲು ಅವಕಾಶವಿದೆ. ಮಧ್ಯಸ್ಥಿಕೆಗಾಗಿ ಮಾಹಿತಿ ಸಂಗ್ರಹಿಸುವವರು ಇದೇ ನಮೂನೆಯನ್ನು ಮಾದರಿಯಾಗಿ ಇರಿಸಿಕೊಳ್ಳಬಹುದು.

ಸಂಗ್ರಹಿಸಬೇಕಾದ ದಾಖಲೆಗಳು

ಸಾಮಾನ್ಯವಾಗಿ ಕಳೆದ 3 ವರ್ಷಗಳ ದಾಖಲೆಗಳನ್ನು ಸಿದ್ಧವಿರಿಸಿಕೊಳ್ಳುವುದು ಸೂಕ್ತ.

1. ಆದಾಯ: ವೇತನ ಚೀಟಿ, ಫಾರಂ 16, ಆದಾಯ ತೆರಿಗೆ ವಿವರಣೆ, ಬ್ಯಾಂಕ್ ಖಾತೆಯ ವಿವರ. ಬಾಡಿಗೆ, ಅಂಗಡಿಯ ವಹಿವಾಟು, ಹಾಲಿನ ಡೇರಿಯ ಬಟವಾಡೆ, ಬೆಳೆ ಮಾರಾಟದ ರಸೀದಿಗಳೂ ಆದಾಯದ ದಾಖಲೆಗಳೇ.

2. ಸ್ಥಿರಾಸ್ತಿ: ನೋಂದಾಯಿತ ಪತ್ರ, ಖಾತಾ, ಕಂದಾಯ ರಸೀದಿ, ಪಹಣಿ, ಮ್ಯುಟೇಷನ್ ಪ್ರತಿ ಹಾಗೂ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ. ಸರ್ಕಾರದ ಮಾರ್ಗಸೂಚಿ ಮೌಲ್ಯವೂ ಮಾರುಕಟ್ಟೆ ಮೌಲ್ಯವೂ ಒಂದೇ ಆಗಿರಬೇಕೆಂದಿಲ್ಲ. ಎರಡನ್ನೂ ಬೇರೆಬೇರೆಯಾಗಿ ಬರೆದಿಡಬೇಕು. ಪಿತ್ರಾರ್ಜಿತ ಆಸ್ತಿಯನ್ನು ಸ್ವಯಾರ್ಜಿತ ಆಸ್ತಿಯೊಡನೆ ಸೇರಿಸಬಾರದು.

3. ಉಳಿತಾಯ: ನಿಶ್ಚಿತ ಠೇವಣಿ, ಭವಿಷ್ಯ ನಿಧಿ, ಜೀವ ವಿಮೆ, ರಾಜ್ಯ ಸರ್ಕಾರಿ ನೌಕರರಾಗಿದ್ದಲ್ಲಿ ಕೆ.ಜಿ.ಐ.ಡಿ., ಷೇರು, ಚೀಟಿ. ವಿಮೆಯಲ್ಲಿ ವಿಮಾ ಮೊತ್ತವನ್ನಲ್ಲ, ಇಂದಿನ ಒಪ್ಪಿಸುವಿಕೆ ಮೌಲ್ಯವನ್ನು ನಮೂದಿಸಬೇಕು.

4. ಸ್ತ್ರೀಧನ: ವಧುವಿಗೆ ತವರಿನಿಂದಲೂ ಅತ್ತೆಮನೆಯಿಂದಲೂ ಉಡುಗೊರೆಯಾಗಿ ಬಂದ ಒಡವೆ, ಪಾತ್ರೆ, ನಗದು. ಸ್ತ್ರೀಧನದ ಪೂರ್ಣ ಒಡೆತನ ಪತ್ನಿಯದೇ ಎಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಭಾ ರಾಣಿ ಪ್ರಕರಣದಲ್ಲಿ (1985) ಸ್ಪಷ್ಟಪಡಿಸಿದೆ. ಆದುದರಿಂದ ಇದನ್ನು ಹಂಚಿಕೆಯ ಪಟ್ಟಿಗೆ ಸೇರಿಸದೆ ಪ್ರತ್ಯೇಕವಾಗಿ ಬರೆಯಬೇಕು. ಚಿನ್ನದಂಗಡಿಯ ರಸೀದಿ, ಮದುವೆಯ ಛಾಯಾಚಿತ್ರ, ಉಡುಗೊರೆಗಳ ಪಟ್ಟಿ ಸಹಾಯಕವಾಗುತ್ತವೆ.

5. ಸಾಲ: ಗೃಹಸಾಲ, ವಾಹನ ಸಾಲ, ಚಿನ್ನದ ಅಡವು, ಸಹಕಾರ ಸಂಘ ಮತ್ತು ಸ್ವಸಹಾಯ ಸಂಘದ ಸಾಲ, ಕೈಸಾಲ ಹಾಗೂ ಇತರರಿಗೆ ನೀಡಿದ ಜಾಮೀನು.

6. ಖರ್ಚು: ಮನೆಬಾಡಿಗೆ, ದಿನಸಿ, ಔಷಧಿ, ಪ್ರಯಾಣ. ಮಕ್ಕಳ ಶಾಲಾ ಶುಲ್ಕದಂತೆ ವರ್ಷಕ್ಕೊಮ್ಮೆ ಬರುವ ಖರ್ಚನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಬೇಕು.

ಸಾಲದ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಮನೆಯ ಮಾರುಕಟ್ಟೆ ಮೌಲ್ಯ 60 ಲಕ್ಷ ರೂ., ಬಾಕಿ ಸಾಲ 35 ಲಕ್ಷ ರೂ. ಎಂದು ಭಾವಿಸಿದರೆ, ಮಾತುಕತೆಗೆ ಉಳಿಯುವುದು 25 ಲಕ್ಷ ರೂ. ಮಾತ್ರ. ಪತಿಯು ಮನೆಯನ್ನು ಉಳಿಸಿಕೊಂಡು ಸಾಲ ತೀರಿಸುವನೆಂದು ರಾಜಿಪತ್ರದಲ್ಲಿ ಬರೆದರೂ, ಪತ್ನಿಯು ಸಹ-ಸಾಲಗಾರಳಾಗಿ ಸಹಿ ಹಾಕಿದ್ದಲ್ಲಿ ಬ್ಯಾಂಕಿನ ಮಟ್ಟಿಗೆ ಆಕೆಯ ಹೊಣೆ ತಪ್ಪುವುದಿಲ್ಲ. ಬ್ಯಾಂಕು ಆ ರಾಜಿಗೆ ಪಕ್ಷಕಾರನಲ್ಲ. ಸಾಲವನ್ನು ಒಬ್ಬರ ಹೆಸರಿಗೆ ವರ್ಗಾಯಿಸಲು ಬ್ಯಾಂಕು ಒಪ್ಪುವುದೇ ಎಂಬುದನ್ನು ಸಹಿಗೆ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಹಕ್ಕು ಬಿಡುಗಡೆ ಪತ್ರಕ್ಕೆ ತಗಲುವ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಯಾರು ಭರಿಸಬೇಕೆಂಬುದನ್ನೂ ನಮೂದಿಸಬೇಕು.

ತನ್ನ ಹೆಸರಿನಲ್ಲಿ ಯಾವ ಸಾಲಗಳಿವೆ ಎಂಬುದು ತಿಳಿಯದವರು ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ಪಡೆಯಬಹುದು.

ದಾಖಲೆಗಳು ಕೈಯಲ್ಲಿಲ್ಲದಿದ್ದಲ್ಲಿ

ಮನೆಯ ಹಣಕಾಸನ್ನು ಒಬ್ಬರೇ ನೋಡಿಕೊಂಡಿದ್ದಲ್ಲಿ ಮತ್ತೊಬ್ಬರ ಬಳಿ ಕಾಗದಗಳಿರುವುದಿಲ್ಲ. ಅನೇಕ ಗೃಹಿಣಿಯರ ಸ್ಥಿತಿ ಇದೇ. ಅಂತಹವರು ಧೃತಿಗೆಡಬೇಕಾಗಿಲ್ಲ. ಪಹಣಿ ಮತ್ತು ಋಣಭಾರ ಪ್ರಮಾಣಪತ್ರವನ್ನು ಶುಲ್ಕ ತೆತ್ತು ಪಡೆಯಬಹುದು. ಜಂಟಿ ಖಾತೆಯ ವಿವರವನ್ನು ಬ್ಯಾಂಕಿನಲ್ಲಿ ಕೇಳಬಹುದು. ಉಳಿದ ವಿಷಯದಲ್ಲಿ, ತಿಳಿದಷ್ಟನ್ನು ಬರೆದು, ತಿಳಿಯದುದನ್ನು ಪ್ರಶ್ನೆಗಳ ರೂಪದಲ್ಲಿ ಪಟ್ಟಿ ಮಾಡಿ ಮಧ್ಯಸ್ಥಿಕೆಗಾರರ ಮುಂದಿರಿಸಬೇಕು. ಉತ್ತರ ದೊರೆಯುವವರೆಗೆ ಅಂತಿಮ ಮೊತ್ತಕ್ಕೆ ಒಪ್ಪುವ ಅಗತ್ಯವಿಲ್ಲ. ಇನ್ನೊಬ್ಬರ ಗುಪ್ತಪದ ಬಳಸಿ ಅವರ ಖಾತೆಯನ್ನು ತೆರೆಯುವುದು ಸರಿಯಲ್ಲ.

ಗೋಪ್ಯತೆ

ಕರ್ನಾಟಕ ಸಿವಿಲ್ ಪ್ರಕ್ರಿಯೆ (ಮಧ್ಯಸ್ಥಿಕೆ) ನಿಯಮಗಳು, 2005ರ ಮೇರೆಗೆ ಮಧ್ಯಸ್ಥಿಕೆಯಲ್ಲಿನ ಮಾತುಕತೆ ಗೋಪ್ಯವಾಗಿರುತ್ತದೆ. ಗೋಪ್ಯವಾಗಿಡಬೇಕೆಂದು ಒಬ್ಬರು ತಿಳಿಸಿದ ಮಾಹಿತಿಯನ್ನು ಮಧ್ಯಸ್ಥಿಕೆಗಾರರು ಇನ್ನೊಬ್ಬರಿಗೆ ತಿಳಿಸುವುದಿಲ್ಲ. ಆದರೆ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರವು ಪ್ರಕರಣದ ಕಡತದಲ್ಲಿಯೇ ಇರುತ್ತದೆ.

ಸೂಚನೆಗಳು

* ಮೂಲ ದಾಖಲೆಗಳನ್ನು ತನ್ನಲ್ಲಿಯೇ ಇರಿಸಿಕೊಂಡು ಪ್ರತಿಗಳನ್ನು ನೀಡತಕ್ಕದ್ದು.
* ಆಸ್ತಿಯನ್ನು ಮರೆಮಾಚಿ ಪಡೆದ ರಾಜಿಯನ್ನು ವಂಚನೆಯ ಆಧಾರದ ಮೇಲೆ ಪ್ರಶ್ನಿಸಬಹುದಾಗಿದೆ.
* ಮಕ್ಕಳ ಪೋಷಣೆಯ ವೆಚ್ಚವನ್ನು ದಂಪತಿಯ ಪರಸ್ಪರ ಲೆಕ್ಕದಿಂದ ಬೇರೆಯಾಗಿ ಬರೆಯತಕ್ಕದ್ದು.
* ವಿಮೆ, ಭವಿಷ್ಯ ನಿಧಿ ಮತ್ತು ಬ್ಯಾಂಕ್ ಖಾತೆಗಳಲ್ಲಿನ ನಾಮನಿರ್ದೇಶನವನ್ನು ವಿಚ್ಛೇದನದ ನಂತರ ಪರಿಶೀಲಿಸತಕ್ಕದ್ದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದ ಮೇರೆಗೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನೆರವು ಬೇಕಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು.