ತೆಪ್ಪದ ತಳದ ಹುಲ್ಲು

ಕಾವೇರಿಯನ್ನು ದಾಟಬೇಕಾಗಿ ಬಂದಾಗಲೆಲ್ಲ ನಮ್ಮ ಅಜ್ಜಿ ತೆಪ್ಪ ಹತ್ತುವ ಮುಂಚೆ ಅಂಬಿಗನನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: “ಹುಲ್ಲು ಹೊಸದೇನಪ್ಪ?”

ಹೊಳೆಯ ಸೆಳವು ಹೇಗಿದೆ, ತೆಪ್ಪ ಎಷ್ಟು ಜನರನ್ನು ತಡೆಯುತ್ತದೆ, ಸುಳಿ ಎಲ್ಲಿದೆ, ಇವು ಯಾವುವೂ ಅವರ ಚಿಂತೆಯಾಗಿರಲಿಲ್ಲ. ಅವನ್ನೆಲ್ಲ ಅಂಬಿಗನಿಗೂ ರಂಗನಾಥಸ್ವಾಮಿಗೂ ಬಿಟ್ಟುಬಿಟ್ಟಿದ್ದರು. ಹುಲ್ಲಿನ ವಿಷಯವನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. “ಈಗ್ತಾನೆ ಹಾಸಿವ್ನಿ ಕಣ್ರಮ್ಮಾರೆ” ಎಂದು ಅಂಬಿಗ ಹೇಳಿದ ಮೇಲೂ ಬಗ್ಗಿ ಒಂದು ಹಿಡಿ ಹುಲ್ಲನ್ನೆತ್ತಿ ಮೂಸಿ ನೋಡುವರು. ಒಪ್ಪಿಗೆಯಾದರೆ ಮನೆಯಿಂದ ತಂದ ಚಾಪೆಯನ್ನು ಅದರ ಮೇಲೆ ಬಿಡಿಸಿ, ಸೆರಗನ್ನು ಸುತ್ತಿಕೊಂಡು, ನಟ್ಟನಡುವೆ ಕೂರುವರು. ಎಂಟು ವರ್ಷದ ನಾನು ಅವರ ಮಗ್ಗುಲಲ್ಲಿ. ಅಜ್ಜಿಗೆ ವಯಸ್ಸಾಗಿದೆ, ಮೆತ್ತಗಿರಲಿ ಎಂದು ಹಾಗೆ ಮಾಡುತ್ತಾರೆ ಎಂದೇ ನಾನು ತಿಳಿದಿದ್ದೆ.

ಇದು 1955ರ ಮಾತು. ನಮ್ಮ ಮನೆ ಮಂಡ್ಯದಲ್ಲಿ. ಸೋದರತ್ತೆಯನ್ನು ಕೊಟ್ಟಿದ್ದುದು ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಗೆ. ಮಳವಳ್ಳಿಯ ತನಕ ಬಸ್ಸು, ಅಲ್ಲಿಂದ ಹೊಳೆಯವರೆಗೆ ಎತ್ತಿನ ಗಾಡಿ, ಕೊನೆಗೆ ತೆಪ್ಪ. ಶಿವನಸಮುದ್ರದ ಹಳೆಯ ಕಲ್ಲುಸೇತುವೆಗಳ ಮೇಲೆ ಹೋಗಬಹುದಾಗಿತ್ತು, ಆದರೆ ಅದು ಸುತ್ತು. ಕೊಳ್ಳೇಗಾಲ ಆಗಿನ್ನೂ ಮದರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಕಡೆಗೆ ಬಂದದ್ದು 1956ರಲ್ಲಿ. ಆದ್ದರಿಂದ ನಾವು ತೆಪ್ಪ ಹತ್ತುತ್ತಿದ್ದುದು ಮೈಸೂರಿನಲ್ಲಿ, ಇಳಿಯುತ್ತಿದ್ದುದು ಮದರಾಸಿನಲ್ಲಿ. ಎರಡು ರಾಜ್ಯಗಳ ನಡುವೆ ನಮಗಿದ್ದ ಆಸನವೆಂದರೆ ನಾಲ್ಕು ಹಿಡಿ ಹುಲ್ಲು.

ತೆಪ್ಪವನ್ನು ಹತ್ತಿರದಿಂದ ನೋಡದ ವಾಚಕರಿಗಾಗಿ ಎರಡು ಮಾತು. ಉತ್ತರದ ಕಡೆ ಇದನ್ನೇ ಹರಿಗೋಲು ಎನ್ನುತ್ತಾರೆ. ಬಿದಿರನ್ನು ಸೀಳಿ ದಬ್ಬೆ ತೆಗೆದು ದೊಡ್ಡ ಬುಟ್ಟಿಯ ಹಾಗೆ ಹೆಣೆಯುವುದು ಮೇದರ ಕೈಕೆಲಸ. ಆ ಬುಟ್ಟಿಗೆ ಹೊರಗಿನಿಂದ ಎತ್ತಿನ ಅಥವಾ ಎಮ್ಮೆಯ ತೊಗಲನ್ನು ಬಿಗಿಯುತ್ತಿದ್ದರು. ಹಿಂದುಮುಂದು ಎಂಬುದೇ ಇಲ್ಲದ ಈ ದೋಣಿಗೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಒಂದು ಹುಟ್ಟು, ಅದನ್ನು ಹಾಕುವ ಒಬ್ಬ ಮನುಷ್ಯ, ಅಷ್ಟೆ. ಕೂರುವುದಕ್ಕೆ ಹಲಗೆಯೂ ಇಲ್ಲ, ತಳದಲ್ಲೇ ಕೂರಬೇಕು. ಅಲ್ಲಿ ಬಿದಿರಿನ ಗೆಣ್ಣುಗಳು ಒತ್ತುತ್ತವೆ, ಹೊಲಿಗೆಯ ಸಂದಿನಿಂದ ನೀರು ಜಿನುಗುತ್ತದೆ. ಹುಲ್ಲು ಬೇಕಾದದ್ದು ಇದಕ್ಕೆ. ಆದರೆ ನೆನೆದ ಹುಲ್ಲು ಎರಡು ದಿನದಲ್ಲಿ ಮುಗ್ಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಮೇಲಿನವರ ಬಟ್ಟೆಯನ್ನು ಮಾತ್ರವಲ್ಲ, ಕೆಳಗಿನ ಬಿದಿರನ್ನೂ ತೊಗಲನ್ನೂ ಕೊಳೆಸುತ್ತದೆ. ಹೀಗಾಗಿ ಒಳ್ಳೆಯ ಅಂಬಿಗನಾದವನು ತೆಪ್ಪವನ್ನು ದಡಕ್ಕೆಳೆದು, ಹಳೆಯ ಹುಲ್ಲನ್ನು ತೆಗೆದು ಎಸೆದು, ಬುಟ್ಟಿಯನ್ನು ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಹೊಸ ಹುಲ್ಲು ಹಾಸುತ್ತಿದ್ದ. ಅಜ್ಜಿಯ ಪ್ರಶ್ನೆಯಿಂದ ಅಂಬಿಗನ ಶ್ರದ್ಧೆಯನ್ನೇ ಅಳೆಯಬಹುದಾಗಿತ್ತು.

ಈ ಹುಲ್ಲಿಗೆ ಚರಿತ್ರೆಯುಂಟು ಎಂದರೆ ನಗಬೇಡಿ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸಿನ ಹೆರೊಡೋಟಸ್ ಬ್ಯಾಬಿಲೋನಿನ ವಿಷಯ ಬರೆಯುತ್ತ, ಅಲ್ಲಿ ತನಗೆ ಬಹಳ ಆಶ್ಚರ್ಯವೆನಿಸಿದ್ದು ಗುರಾಣಿಯ ಹಾಗೆ ದುಂಡಗಿರುವ ತೊಗಲಿನ ದೋಣಿಗಳು ಎನ್ನುತ್ತಾನೆ. ಅವುಗಳ ಒಳಗೆಲ್ಲ ಹುಲ್ಲು ತುಂಬುತ್ತಿದ್ದರೆಂಬುದನ್ನೂ ಅವನು ಮರೆಯದೆ ಹೇಳಿದ್ದಾನೆ. ಆರ್ಮೇನಿಯದಿಂದ ಸರಕು ಹೇರಿಕೊಂಡು ಹೊಳೆಯ ಜೊತೆಗೆ ಇಳಿದುಬರುವ ವ್ಯಾಪಾರಿ ಬ್ಯಾಬಿಲೋನಿನಲ್ಲಿ ದೋಣಿಯ ಚೌಕಟ್ಟನ್ನೂ ಹುಲ್ಲನ್ನೂ ಮಾರಿಬಿಡುವನಂತೆ. ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಹಿಂದಿರುಗುವನಂತೆ. ಯಾವುದು ಅಗ್ಗ, ಯಾವುದು ದುಬಾರಿ ಎಂಬುದು ಆ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು. ಅವನಾದ ಮೇಲೆ ಹೆಚ್ಚುಕಡಿಮೆ ಎರಡು ಸಾವಿರ ವರ್ಷಕ್ಕೆ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ, ಸುತ್ತುತ್ತ ಸುತ್ತುತ್ತ ಸಾಗುವ ರೀತಿ, ಎಲ್ಲ ಸರಿಯಾಗಿದೆ. ಆದರೆ ಒಳಗೆ ಏನು ಹಾಸಿದ್ದರೆಂದು ಅವನು ಹೇಳುವುದಿಲ್ಲ. ಪಾಯೆಸ್ ದಡದಲ್ಲಿ ನಿಂತು ನೋಡಿದನೋ, ಕೂತು ದಾಟಿದನೋ ಎಂಬ ಸಣ್ಣ ಸಂಶಯ ನನಗೆ ಇದ್ದೇ ಇದೆ.

ನಮ್ಮ ಸೀಮೆಯಲ್ಲಿ ಹುಲ್ಲು ಯಾವ ಕಾಲಕ್ಕೂ ಬಿಟ್ಟಿ ವಸ್ತುವಾಗಿರಲಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯ ತನಕ ಬಂದು, ಕಾಳಗದಲ್ಲಿ ಗೆದ್ದೂ ಹಿಂದಿರುಗಿದ್ದು ಮುಖ್ಯವಾಗಿ ಮೇವಿಲ್ಲದೆ. ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಅವನು ಬೆಂಗಳೂರಿಗೆ ಮರಳಬೇಕಾಯಿತು. ಟಿಪ್ಪು ಈ ಪಾಠವನ್ನು ಮರೆಯಲಿಲ್ಲ. 1799ರಲ್ಲಿ ಮತ್ತೆ ಇಂಗ್ಲಿಷರ ದಂಡು ಬಂದಾಗ ಅವನು ಮೊದಲು ಮದ್ದೂರಿನ ಹೊಳೆಯ ಬಳಿ ಬೀಡುಬಿಟ್ಟು, ಆಮೇಲೆ ಮಳವಳ್ಳಿಗೆ ಬಂದು, ಮಾರ್ಚ್ 27ರಂದು ಅಲ್ಲಿ ಕಾದಿ ಸೋತ. ಆದರೆ ಕಾರ್ನ್‌ವಾಲಿಸ್ ಹಿಡಿದಿದ್ದ ದಾರಿಯುದ್ದಕ್ಕೂ ಮೇವನ್ನು ಮುಂಚೆಯೇ ನಾಶಮಾಡಿಸಿದ್ದ. ಜನರಲ್ ಹ್ಯಾರಿಸ್ ಆ ದಾರಿಯನ್ನೇ ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟ. ಬೇಸಗೆಯಾದ್ದರಿಂದ ಅಲ್ಲಿ ನಡೆದೇ ದಾಟಬಹುದಾಗಿತ್ತು. ಮುಂದಿನದು ಎಲ್ಲರೂ ಓದಿರುವ ಕಥೆ. ಮಳವಳ್ಳಿಯ ಸುತ್ತಿನ ರೈತನ ಬಣವೆಗಳು ಆ ವರ್ಷ ಎಲ್ಲಿ ಹೋದವೆಂಬುದು ಶಾಲೆಯ ಪುಸ್ತಕದಲ್ಲಿಲ್ಲ.

ಶಾಂತಿಯ ಕಾಲದಲ್ಲಿಯೂ ಇಲ್ಲಿ ರಾಗಿಹುಲ್ಲೆಂದರೆ ಎತ್ತಿನ ಬಾಯಿಯ ತುತ್ತು. ವರ್ಷಗಟ್ಟಲೆ ಬಣವೆಯಲ್ಲಿಟ್ಟು ಬರಗಾಲಕ್ಕೆಂದು ಕಾಪಾಡುವ ಆ ಹುಲ್ಲನ್ನು ಕಾಲಡಿಗೆ ಹಾಸುವುದು ಯಾರ ಮನಸ್ಸಿಗೂ ಒಪ್ಪದು. ನಮ್ಮ ಅಂಬಿಗನ ತಂದೆ ಹೊಳೆಯ ದಂಡೆಯ ಜೊಂಡನ್ನೋ ಕಾಡುಹುಲ್ಲನ್ನೋ ಕೊಯ್ದು ಒಣಗಿಸಿ ಹಾಸುತ್ತಿದ್ದನಂತೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಶುರುವಾಗಿ, ಅದರ ನಾಲೆ ಮೂವತ್ತರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿದ ಮೇಲೆ ಬತ್ತ ಬಂತು. ಬತ್ತದೊಡನೆ ಹೇರಳವಾಗಿ, ಮೆತ್ತಗೆ, ಬತ್ತದ ಹುಲ್ಲು. ಇರ್ವಿನ್ ನಾಲೆ ಎಂದಿದ್ದ ಹೆಸರು ವಿಶ್ವೇಶ್ವರಯ್ಯ ನಾಲೆ ಎಂದಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿತು. ಸಕ್ಕರೆಯ ಗೋಣಿಚೀಲಗಳು ಮನೆಮನೆಗೂ ಬಂದವು. ನಮ್ಮ ಕಾಲದ ಅಂಬಿಗ ಆ ಚೀಲದೊಳಗೆ ಹುಲ್ಲು ತುಂಬಿ ದಬ್ಬಳದಿಂದ ಬಾಯಿ ಹೊಲಿದು, ದೊಡ್ಡ ಮನುಷ್ಯರು ಬಂದಾಗ ಹಾಕುವುದಕ್ಕೆಂದು ಒಂದು ಮೆತ್ತೆಯನ್ನೇ ಮಾಡಿಟ್ಟುಕೊಂಡಿದ್ದ. ಅಮಲ್ದಾರರಿಗೆ ಮೆತ್ತೆ, ನಮಗೆ ಬಿಡಿಹುಲ್ಲು. ಜಿಲ್ಲೆಯ ನೀರಾವರಿಯ ಚರಿತ್ರೆಯನ್ನು ತೆಪ್ಪದ ತಳದಲ್ಲಿ ಓದಬಹುದು ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಹೋದ ವರ್ಷ ನನ್ನ ತಂಗಿಯ ಮಗ ಅಮೆರಿಕದಿಂದ ಟೆಲಿಫೋನು ಮಾಡಿದ್ದ. ಒಂದು ಹಳೆಯ ಚಿಕ್ಕ ಹಾಯಿದೋಣಿಯನ್ನು ಕೊಂಡಿದ್ದಾನೆ. “ಮಾವ, ಬೇಸಗೆಯೆಲ್ಲ ಅದರ ಒಳಗಿನ ಮೆತ್ತೆ ಬದಲಾಯಿಸೋದರಲ್ಲೇ ಕಳೀತು” ಎಂದ. ಹಳೆಯ ಮೆತ್ತೆಯ ಸ್ಪಂಜು ನೀರು ಹೀರಿ, ಒಣಗದೆ, ನಾರುತ್ತಿತ್ತಂತೆ. ನೀರು ಕುಡಿಯದ ಬೇರೊಂದು ಬಗೆಯ ಸ್ಪಂಜನ್ನು ಅಳತೆಗೆ ಕತ್ತರಿಸಿ, ಮೇಲೆ ಗಟ್ಟಿ ಬಟ್ಟೆ ಹೊಲಿಸಿ ಕೂರಿಸಿದನಂತೆ. ಖರ್ಚು ಕೇಳಿ ನನಗೆ ತಲೆ ತಿರುಗಿತು. ಸ್ಪಂಜಿನ ಈ ರಾಜ್ಯಭಾರ ತೀರ ಈಚಿನದು. ಡನ್‌ಲಪ್ ಕಂಪೆನಿಯವರು ರಬ್ಬರಿನ ಹಾಲನ್ನು ನೊರೆಯೆಬ್ಬಿಸಿ ಮೆತ್ತೆ ಮಾಡಿದ್ದು 1929ರಲ್ಲಿ. ಈಗಿನ ಸ್ಪಂಜಿಗೆ ಮೂಲವಾದ ಪಾಲಿಯುರೆಥೇನನ್ನು ಜರ್ಮನಿಯ ಓಟೋ ಬೇಯರ್ ಕಂಡುಹಿಡಿದದ್ದು 1937ರಲ್ಲಿ. ಅದಕ್ಕೆ ಮುಂಚೆ ಆ ದೇಶಗಳ ದೋಣಿಗಳ ಮೆತ್ತೆಗೂ, ಮುಳುಗದಂತೆ ಕಾಯುವ ಅಂಗಿಗಳಿಗೂ ತುಂಬುತ್ತಿದ್ದುದು ಜಾವದಿಂದ ಬರುತ್ತಿದ್ದ ಬಿಳಿಬೂರುಗದ ಹತ್ತಿ, ನಮ್ಮ ಅಜ್ಜಿಯರ ದಿಂಬಿನೊಳಗಿನ ಅದೇ ಹತ್ತಿ. ಅದರ ಎಳೆ ಒಳಗೆ ಪೊಳ್ಳು, ಹೊರಗೆ ಮೇಣ, ನೀರಿನಲ್ಲಿ ತೇಲುತ್ತದೆ. 1942ರಲ್ಲಿ ಜಪಾನಿನವರು ಜಾವವನ್ನು ಹಿಡಿದಾಗ ಅದು ನಿಂತುಹೋಗಿ, ಅಮೆರಿಕದ ಶಾಲೆಯ ಮಕ್ಕಳು ನಮ್ಮ ಎಕ್ಕದ ಜಾತಿಗೆ ಸೇರಿದ ಒಂದು ಗಿಡದ ಕಾಯಿಗಳನ್ನು ಬಿಡಿಸಿ ನಾವಿಕರಿಗಾಗಿ ಹತ್ತಿ ಕೂಡಿಸಬೇಕಾಯಿತು. ಅಳಿಯನಿಗೆ ಇದನ್ನೆಲ್ಲ ಹೇಳಿ, “ನಿನ್ನ ಮುತ್ತಜ್ಜಿಯಾಗಿದ್ದರೆ ಮೊದಲು ಮೂಸಿನೋಡುತ್ತಿದ್ದರು” ಎಂದೆ. ಅವನು ನಕ್ಕ. “ಮೆತ್ತಗಿರಲಿ ಅಂತಾನಾ?” ಎಂದು ಕೇಳಿದ.

ಅಲ್ಲ. ಅದನ್ನು ನಾನು ಟೆಲಿಫೋನಿನಲ್ಲಿ ಹೇಳಲಿಲ್ಲ.

ಹುಲ್ಲಿನ ಕೆಳಗೆ ತೊಗಲಿತ್ತು. ಸತ್ತ ಎತ್ತಿನ ತೊಗಲು. ಅದನ್ನು ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿಯ ಚಕ್ಕೆಯಿಂದ ಹದಮಾಡಿ, ತೆಪ್ಪದ ಅಳತೆಗೆ ಕೂಡಿಸಿ ಹೊಲಿದವನು ಊರಿನ ಹೊರಗಿನ ಕೇರಿಯವನು. ಅಜ್ಜಿಗೂ ಆ ತೊಗಲಿಗೂ ನಡುವೆ ಹುಲ್ಲು ಇರಲೇಬೇಕು, ಹುಲ್ಲು ಒಣಗಿರಲೇಬೇಕು. ಒದ್ದೆಯಾದರೆ ಮೈಲಿಗೆ ಅದರ ಮೂಲಕ ಏರಿಬರುತ್ತದೆ ಎಂಬುದು ಅವರ ಲೆಕ್ಕ. ನನಗೆ ಇದನ್ನು ಹೇಳಿದವರು ಸೋದರತ್ತೆ, ಎಷ್ಟೋ ವರ್ಷಗಳ ಮೇಲೆ, ನಗುತ್ತ. ನಮ್ಮ ತಾತ ದಿನವೂ ಜಪಕ್ಕೆ ಕೂರುತ್ತಿದ್ದುದು ಕೃಷ್ಣಾಜಿನದ ಮೇಲೆ. ಜಿಂಕೆಯ ತೊಗಲು ಮಡಿ, ಎತ್ತಿನ ತೊಗಲು ಮೈಲಿಗೆ! ಅಜ್ಜಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಾಣಂತನಕ್ಕೆ ಹೋದ ಮನೆಯಲ್ಲಿ ಜಾತಿ ಕೇಳದೆ ಕೂಸನ್ನು ಎತ್ತಿಕೊಂಡವರು ಅವರು. ಆದರೂ ಹುಲ್ಲು ಹುಲ್ಲೇ.

ಈ ಮಾತನ್ನು ಕೇಳಿದ ದಿನ ನನಗೆ ಒಂದು ಹಳೆಯ ನೆನಪು ಬೇರೆಯ ಅರ್ಥದಲ್ಲಿ ಮರಳಿ ಬಂತು. ಆ ಕಡವಿನಲ್ಲಿ, ತೆಪ್ಪ ತುಂಬಿ ಹೊರಡುವಾಗ, ದಡದ ಹೊಂಗೆಯ ಮರದ ಕೆಳಗೆ ಒಬ್ಬ ಮುದುಕ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ಜಾಗವಿದ್ದರೂ ಹತ್ತುತ್ತಿರಲಿಲ್ಲ. ನಾನು ಒಮ್ಮೆ, “ಅಜ್ಜಿ, ಆ ತಾತ ಯಾಕೆ ಬರೋಲ್ಲ?” ಎಂದೆ. ಅಜ್ಜಿ ಉತ್ತರ ಕೊಡಲಿಲ್ಲ. ಅಂಬಿಗ ಕೊಟ್ಟ: “ಅವ್ನು ಆಮ್ಯಾಕ್ ಬತ್ತಾನೆ ಸ್ವಾಮಿ. ಈ ತೆಪ್ಪ ಹೊಲ್ದವ್ನು ಅವ್ನೇಯ.” ಹೊಲಿದವನೆಂದ ಮೇಲೆ ತೆಪ್ಪದ ಯಜಮಾನನೇ ಇರಬೇಕು, ಕೊನೆಯಲ್ಲಿ ಒಬ್ಬನೇ ದೊಡ್ಡಸ್ತಿಕೆಯಿಂದ ಬರುತ್ತಾನೆ ಎಂದು ನಾನು ಭಾವಿಸಿ, ಅವನ ಮೇಲೆ ಅಸೂಯೆ ಪಟ್ಟಿದ್ದೆ. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿ ಆಗಲೇ ಐದು ವರ್ಷವಾಗಿತ್ತು. ಅದನ್ನು ಶಿಕ್ಷಾರ್ಹ ಅಪರಾಧವೆಂದು ಸಾರುವ ಕಾಯಿದೆ ಬಂದದ್ದು ಅದೇ 1955ರಲ್ಲಿ. ಕಡವಿನ ತನಕ ಅದು ಬರಲು ಇನ್ನೂ ಹೊತ್ತಿತ್ತು.

ಪಾಯೆಸ್ ತೊಗಲನ್ನು ಕಂಡ, ಹೊಲಿದವನನ್ನು ಕಾಣಲಿಲ್ಲ. 1803ರಲ್ಲಿ ಮರಾಠರ ಮೇಲೆ ಹೋಗುವಾಗ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಆದವನು, ಮಳೆಗಾಲದ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದ. ಅವನ ಕಾಗದಗಳಲ್ಲಿ ಅವುಗಳ ವಿಷಯ ಬರುತ್ತದೆ. ಅಷ್ಟು ತೊಗಲನ್ನು ಹೊಲಿದ ಕೈಗಳು ಯಾವ ಊರಿನವೋ.

ಈಚೆಗೆ ಮಳವಳ್ಳಿಗೆ ಹೋದವನು ಹಲಗೂರಿನ ಮೇಲೆ ಮುತ್ತತ್ತಿಗೂ ಹೋಗಿ, ಹೊಳೆಯ ದಡದಲ್ಲಿ ಬೋರಲು ಹಾಕಿದ್ದ ಒಂದು ತೆಪ್ಪವನ್ನು ನೋಡುತ್ತ ನಿಂತೆ. ತೊಗಲು ಹೋಗಿ ಬಹಳ ಕಾಲವಾಗಿದೆ. ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಡಾಂಬರು ಬಳಿದಿದ್ದರು. ಪಕ್ಕದಲ್ಲಿ ನಾಲ್ಕು ಗೊಬ್ಬರದ ಚೀಲಗಳು ಬಿಸಿಲಿಗೆ ಒಣಗುತ್ತಿದ್ದವು. ಹುಡುಗನೊಬ್ಬ ಅವುಗಳಿಗೆ ತೆಂಗಿನ ನಾರನ್ನು ತುಂಬುತ್ತಿದ್ದ. ನಾರು ಮದ್ದೂರಿನ ಕಡೆಯದಂತೆ. ಹುಲ್ಲು ಈಗ ಕೊಳ್ಳುವುದಕ್ಕಾಗುವುದಿಲ್ಲ, ಹಸುವಿಗೇ ಸಾಲದು ಎಂದ. ಸ್ಪಂಜು ಹಾಕಬಾರದೇ ಎಂದು ಕೇಳಿದೆ. “ಅದು ನೀರ್ ಕುಡ್ದು ತೂಕ ಆಯ್ತದೆ ಸಾರ್, ಆಗಾಕಿಲ್ಲ” ಎಂದು ಅಳಿಯನ ಮಾತನ್ನೇ ಹೇಳಿದ. ತೊಗಲಿನ ತೆಪ್ಪ ನೋಡಿದ್ದೀಯಾ ಎಂದೆ. ನೋಡಿರಲಿಲ್ಲ. ಅದನ್ನು ಹೊಲಿಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಏನು ಮಾಡುತ್ತಾರೆ ಎಂದು ಕೇಳಿದೆ.

ಹುಡುಗ ದಬ್ಬಳವನ್ನು ಚೀಲದಲ್ಲಿ ಚುಚ್ಚಿಟ್ಟು, ಒಂದು ಗಳಿಗೆ ನನ್ನ ಮುಖವನ್ನು ನೋಡಿದ. “ನಾನೇ ಕಣಿ ಸಾರ್” ಎಂದ.

ಕೂರಲು ನನಗೆ ಒಂದು ಚೀಲವನ್ನು ತೋರಿಸಿದ. ಅದಿನ್ನೂ ಸ್ವಲ್ಪ ಒದ್ದೆಯಾಗಿತ್ತು, ಕೂತೆ.