ಹಳಿ ಕಿತ್ತ ಊರಿಗೆ ರೈಲು ಮರಳಿದ ಕಥೆ

ಮೊನ್ನೆ ಸಿಯಾಟಲ್ ವಿಮಾನ ನಿಲ್ದಾಣದಿಂದ ಲೈಟ್ ರೈಲಿನಲ್ಲಿ ಊರೊಳಗೆ ಬರ್ತಾ ಇದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಕಿಟಕಿಯಾಚೆ ನೋಡುತ್ತಲೇ "ಈ ರೈಲಿಗೆ ನಾನು ಅರವತ್ತೆಂಟರಲ್ಲೇ ವೋಟು ಹಾಕಿದ್ದೆ" ಅಂದರು. 2009ರಲ್ಲಿ ಶುರುವಾದ ರೈಲಿಗೆ 1968ರಲ್ಲಿ ವೋಟೇ? ಮನೆಗೆ ಬಂದವನೇ ಹಳೇ ಕಥೆ ಕೆದಕಲು ಕೂತೆ.

ಸಿಯಾಟಲ್‌ಗೆ ಹಳಿ ಹೊಸತೇನಲ್ಲ. 1884ರಲ್ಲೇ ಇಲ್ಲಿ ಕುದುರೆ ಎಳೆಯುವ ಟ್ರಾಮ್ ಇತ್ತು, ಆಮೇಲೆ ವಿದ್ಯುತ್ ಟ್ರಾಮ್ ಬಂತು. 1919ರಲ್ಲಿ ನಗರಾಡಳಿತ ಇಡೀ ವ್ಯವಸ್ಥೆಯನ್ನು ಖಾಸಗಿ ಕಂಪನಿಯಿಂದ ಒಂದೂವರೆ ಕೋಟಿ ಡಾಲರಿಗೆ ಕೊಂಡು ಸಾಲದಲ್ಲಿ ಮುಳುಗಿತು. 1941ರಲ್ಲಿ ಕೊನೆಯ ಟ್ರಾಮ್ ಓಡಿತು. ಆ ಜಾಗಕ್ಕೆ ಬಸ್ಸು, ಟ್ರಾಲಿಬಸ್ಸು ಬಂದವು.

ಈಗ ಅಜ್ಜನ ವೋಟಿನ ವಿಷಯ. 1968ರ ಫೆಬ್ರವರಿಯಲ್ಲಿ 'ಫಾರ್ವರ್ಡ್ ಥ್ರಸ್ಟ್' ಅನ್ನೋ ಯೋಜನೆ ಜನರ ಮುಂದೆ ಬಂತು. ಅದರಲ್ಲಿ ಪಾರ್ಕು, ಸ್ಟೇಡಿಯಂ, ರೈಲು ಎಲ್ಲಾ ಇತ್ತು, ಒಂದೊಂದಕ್ಕೂ ಬೇರೆ ಬೇರೆ ಮತ. ರೈಲಿನ ಖರ್ಚಿನಲ್ಲಿ ಬಹುಪಾಲು ಕೇಂದ್ರ ಸರ್ಕಾರದ್ದು. ಉಳಿದಿದ್ದಕ್ಕೆ ಸಾಲ ಎತ್ತಲು ಶೇಕಡಾ 60 ಜನ ಒಪ್ಪಬೇಕಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಜನ ಹೂಂ ಅಂದರು, ಆದರೆ ಅಷ್ಟು ಸಾಲಲಿಲ್ಲ! 1970ರಲ್ಲಿ ಮತ್ತೆ ಕೇಳಿದಾಗ ಬೋಯಿಂಗ್ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯುತ್ತಿತ್ತು. ಈ ಸಲ ಅರ್ಧದಷ್ಟು ಮತವೂ ಬೀಳಲಿಲ್ಲ. ಕೇಂದ್ರದ ದುಡ್ಡು ಅಟ್ಲಾಂಟಾ ಪಾಲಾಯ್ತು, ಅಲ್ಲಿ 1979ರಲ್ಲಿ ರೈಲು ಓಡಿತು.

ತಮಾಷೆ ಕೇಳಿ. 1968ರಲ್ಲಿ ಅದೇ ದಿನ ಸ್ಟೇಡಿಯಂ ಗೆದ್ದಿತ್ತು. ಅದೇ 1976ರಲ್ಲಿ ತೆರೆದ ಕಿಂಗ್‌ಡೋಮ್. 2000ದಲ್ಲಿ ಅದನ್ನು ಸಿಡಿಸಿ ಕೆಡವಿಯೂ ಆಯ್ತು. ರೈಲು ಮಾತ್ರ ಇನ್ನೂ ಬಂದಿರಲಿಲ್ಲ!

1990ರಲ್ಲಿ ಊರ ನಡುವೆ ಬಸ್ಸುಗಳಿಗೆ ಅಂತ ಸುರಂಗ ತೆರೆದರು. ಮುಂದೆ ರೈಲು ಬಂದೀತು ಅಂತ ಅದರೊಳಗೆ ಹಳಿಯನ್ನೂ ಹಾಕಿಟ್ಟರು. ನಿಜವಾಗಿ ರೈಲು ಬರುವ ಹೊತ್ತಿಗೆ ಆ ಹಳಿ ಉಪಯೋಗಕ್ಕೆ ಬರಲಿಲ್ಲ. 2005ರಿಂದ ಎರಡು ವರ್ಷ ಸುರಂಗ ಮುಚ್ಚಿ ಹೊಸ ಹಳಿ ಹಾಕಬೇಕಾಯ್ತು.

1996ರಲ್ಲಿ ಜನ ಕೊನೆಗೂ ಒಪ್ಪಿದರು. ವಿಶ್ವವಿದ್ಯಾಲಯದಿಂದ ವಿಮಾನ ನಿಲ್ದಾಣದವರೆಗೆ 2006ರೊಳಗೆ ಅನ್ನೋದು ಮಾತು. ಖರ್ಚು ಏರಿತು, ದಾರಿ ಮೊಟಕಾಯ್ತು. 2009ರ ಜುಲೈ 18ರಂದು ಟಕ್‌ವಿಲಾವರೆಗೆ ಸುಮಾರು 14 ಮೈಲಿ ರೈಲು ಓಡಿತು. ಡಿಸೆಂಬರಿನಲ್ಲಿ ವಿಮಾನ ನಿಲ್ದಾಣ ಸೇರಿತು, ವಿಶ್ವವಿದ್ಯಾಲಯಕ್ಕೆ ಮುಟ್ಟಿದ್ದು 2016ರಲ್ಲಿ. 2024ರಲ್ಲಿ ಕೆರೆಯಾಚೆಯ ರೆಡ್ಮಂಡ್‌ನಲ್ಲಿ, ನಮ್ಮ ಎಷ್ಟೋ ಕನ್ನಡಿಗರು ದುಡಿಯುವ ಮೈಕ್ರೋಸಾಫ್ಟ್ ಪಕ್ಕದಲ್ಲೇ, ಇನ್ನೊಂದು ಮಾರ್ಗದ ನಿಲ್ದಾಣ ಶುರುವಾಯ್ತು.

ಅಜ್ಜ ಕೊಲಂಬಿಯಾ ಸಿಟಿಯಲ್ಲಿ ಇಳಿದು ನಿಧಾನಕ್ಕೆ ನಡೆದು ಹೋದರು. ಅವರ ವೋಟು ಬಹುಮತದ ಕಡೆಗೇ ಬಿದ್ದಿತ್ತು, ಆದರೂ ಅವರು ನಲವತ್ತೊಂದು ವರ್ಷ ಕಾದರು. ಜತೆಗೆ ವೋಟು ಹಾಕಿದವರಲ್ಲಿ ಎಷ್ಟು ಜನ ಈ ರೈಲು ಹತ್ತಿದರೋ... ಕೇಳೋಣ ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.